ಆರು ಬೀಳಲಿಲ್ಲ ಎನ್ನುವವರಿಗೆ

ಮೊಬೈಲಿನಲ್ಲಿ ಲೂಡೊ ಆಡುವವರು ತಪ್ಪದೆ ಹೇಳುವ ದೂರೊಂದಿದೆ: ‘ಈ ಆಪ್ ಮೋಸ ಮಾಡ್ತಿದೆ, ನನಗೆ ಆರೇ ಬೀಳಿಸ್ತಿಲ್ಲ.’ ಹತ್ತು ಸರದಿ ಕಳೆದರೂ ನಾಲ್ಕು ಕಾಯಿಯೂ ಗೂಡಿನಲ್ಲೇ ಕೂತಿದ್ದರೆ ಯಾರಿಗಾದರೂ ಶಕುನಿ ನೆನಪಾಗಬೇಕಾದದ್ದೇ. ಆದರೆ ಲೆಕ್ಕ ಬೇರೆ ಹೇಳುತ್ತದೆ. ದಾಳ ಒಮ್ಮೆ ಉರುಳಿದಾಗ ಆರು ಬೀಳದಿರುವ ಸಾಧ್ಯತೆ ಆರರಲ್ಲಿ ಐದು. ಮೊದಲ ಹತ್ತು ಸಲವೂ ಬೀಳದಿರುವ ಸಾಧ್ಯತೆ ಸುಮಾರು ಶೇ 16. ನಾಲ್ವರು ಕೂತು ಆಡಿದರೆ ಅವರಲ್ಲಿ ಒಬ್ಬರಿಗಾದರೂ ಈ ಗತಿ ಬರುವ ಸಾಧ್ಯತೆ ಶೇ 50ಕ್ಕಿಂತ ತುಸು ಹೆಚ್ಚೇ. ಅಂದರೆ ಯಾವ ಮೋಸವೂ ಇಲ್ಲದ ದಾಳವೇ ಎರಡು ಆಟಕ್ಕೊಮ್ಮೆ ಯಾರನ್ನೋ ಹೀಗೆ ಕಾಯಿಸುತ್ತದೆ. ಎಲ್ಲ ಆಪ್‌ಗಳೂ ಸತ್ಯಹರಿಶ್ಚಂದ್ರನ ತುಂಡು ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಆರು ಬೀಳದಿದ್ದುದನ್ನೇ ಸಾಕ್ಷಿಯೆಂದು ತಂದರೆ ಕೇಸು ನಿಲ್ಲುವುದಿಲ್ಲ, ಅಷ್ಟೆ.

ನನ್ನ ಅನುಮಾನವೆಂದರೆ, ದಾಳವನ್ನು ಬಯ್ಯುವವರಲ್ಲಿ ಹೆಚ್ಚಿನವರು ಸೋತದ್ದು ಕಾಯಿ ನಡೆಸಿದ ರೀತಿಯಿಂದ. ಹಾಸಿನ ಹೊರಸುತ್ತಿನಲ್ಲಿ 52 ಮನೆ. ಕಾಯಿಯೊಂದು ಹೊರಡುವ ಮನೆಯಿಂದ ಹಣ್ಣಾಗುವವರೆಗೆ 56 ಹೆಜ್ಜೆ. ಕಡಿಯಲು ಬಾರದ ಮನೆಗಳು ಎಂಟು, ನಾಲ್ಕು ಬಣ್ಣಗಳು ಹೊರಡುವ ಮನೆ ನಾಲ್ಕು, ನಕ್ಷತ್ರ ಬರೆದದ್ದು ನಾಲ್ಕು. ಇಷ್ಟು ಮಕ್ಕಳಿಗೂ ಗೊತ್ತು. ಆದರೆ ಇವುಗಳ ನಡುವಿನ ಅಂತರವನ್ನು ಬೆರಳಿಟ್ಟು ಎಣಿಸಿದವರು ಕಡಿಮೆ. ಹೊರಡುವ ಮನೆಯಿಂದ ಮುಂದಿನ ನಕ್ಷತ್ರಕ್ಕೆ ಎಂಟು, ನಕ್ಷತ್ರದಿಂದ ಮುಂದಿನ ಬಣ್ಣ ಹೊರಡುವ ಮನೆಗೆ ಐದು. ಸುತ್ತು ಪೂರ್ತಿ ಇದೇ ಎಂಟು-ಐದು. ಐದರ ಹಾದಿಯನ್ನು ಒಂದೇ ಏಟಿಗೆ ದಾಟಬಹುದು. ಎಂಟರ ಹಾದಿಯಲ್ಲಿ, ಆರು ಬಿದ್ದೋ ಯಾರನ್ನಾದರೂ ಕಡಿದೋ ಇನ್ನೊಂದು ಅವಕಾಶ ಗಿಟ್ಟದ ಹೊರತು, ಒಂದು ಸರದಿಯಾದರೂ ಬಯಲಲ್ಲಿ ನಿಲ್ಲಲೇಬೇಕು. ಹಾಗಾಗಿ ನಕ್ಷತ್ರದ ಮೇಲಿರುವ ಕಾಯಿಯನ್ನು ಐದು ಬೀಳುವ ತನಕ ಅಲ್ಲೇ ಬಿಟ್ಟು ಬೇರೆ ಕಾಯಿ ನಡೆಸುವುದು ಜಾಣತನ. ಆದರೆ ನಡೆಸಲು ಬೇರೆ ಕಾಯಿ ಇರಬೇಕಲ್ಲ! ಒಂದೇ ಕಾಯಿಯನ್ನು ಓಡಿಸಿಕೊಂಡು ಹೋಗುವವರಿಗೆ ಈ ಆಯ್ಕೆಯೇ ಇರುವುದಿಲ್ಲ. ಅದಕ್ಕೇ ಆರು ಬಿದ್ದಾಗ ಮೊದಮೊದಲು ಎರಡನೆಯ ಕಾಯಿಯನ್ನು ಹೊರಗೆ ತೆಗೆಯಿರಿ. ಮುಂದಿರುವ ಕಾಯಿಗೆ ಆರು ಹೆಜ್ಜೆ ಸೇರಿಸುವ ಆಸೆ ಆಮೇಲೆ.

ಅಪಾಯದ ಲೆಕ್ಕದಲ್ಲೂ ಒಂದು ಭ್ರಮೆಯಿದೆ. ಎದುರಾಳಿಯ ಕಾಯಿ ಹಿಂದೆ ಎರಡೇ ಮನೆ ದೂರದಲ್ಲಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಐದು ಮನೆ ದೂರವಾದರೆ ಉಸಿರು ಬಿಡುತ್ತೇವೆ. ಒಂದರಿಂದ ಆರರವರೆಗೆ ಎಲ್ಲಿದ್ದರೂ ಅಪಾಯ ಹೆಚ್ಚುಕಡಿಮೆ ಒಂದೇ, ಆರರಲ್ಲೊಂದು. ಆರರಾಚೆಗೆ ಹೋದರೆ ಮಾತ್ರ ಅದು 36ರಲ್ಲೊಂದಕ್ಕೆ ಇಳಿಯುತ್ತದೆ. ಆಗ ಅವರಿಗೆ ಮೊದಲು ಆರು ಬಿದ್ದು ಆಮೇಲೆ ಬೇಕಾದ ಅಂಕೆಯೇ ಬೀಳಬೇಕು. ಎದುರಾಳಿಯ ಗೂಡಿನ ಮುಂದೆ ಹಾಯುವಾಗಲೂ ಹೀಗೆಯೇ. ಅವರ ಕಾಯಿಗಳೆಲ್ಲ ಒಳಗಿದ್ದರೆ ಅಷ್ಟೇನೂ ಹೆದರಬೇಕಿಲ್ಲ. ಹೊರಗೆ ಬಂದು ಬಾಗಿಲಲ್ಲಿ ಕೂತ ಕಾಯಿಗೆ ಹೆದರಿ.

ಈ ಭ್ರಮೆ ನಮಗೆ ಚೌಕಾಬಾರದಿಂದ ಬಂದಿರಬೇಕು. ನಾಲ್ಕು ಕವಡೆ ಚೆಲ್ಲಿದರೆ ಒಂದು, ಎರಡು, ಮೂರು ಮತ್ತೆ ಮತ್ತೆ ಬೀಳುತ್ತವೆ, ಚೌಕ ಮತ್ತು ಬಾರ ಅಪರೂಪ. ಅಲ್ಲಿ ಹತ್ತಿರದ ಶತ್ರು ನಿಜಕ್ಕೂ ದೊಡ್ಡ ಶತ್ರು. ಲೂಡೊ ದಾಳಕ್ಕೆ ಅಂಥ ಪಕ್ಷಪಾತವಿಲ್ಲ. ಲೂಡೊ ಕೂಡ ನಮ್ಮ ಪಗಡೆ, ಪಚ್ಚೀಸಿಗಳ ಮನೆಯದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸುವಾಗ ಕವಡೆ ಬಿಟ್ಟು ಆರು ಮುಖದ ದಾಳ ಇಟ್ಟುಕೊಂಡರು. ನವಿ ಮುಂಬೈಯ ಕಂಪನಿಯೊಂದು 2016ರಲ್ಲಿ ತಂದ ‘ಲೂಡೊ ಕಿಂಗ್’ 2020ರ ಲಾಕ್‌ಡೌನಿನಲ್ಲಿ ಮನೆಮನೆಗೂ ನುಗ್ಗಿದ್ದು ಎಲ್ಲರಿಗೂ ನೆನಪಿದೆ.

ಇನ್ನು ಕಡಿಯುವ ವಿಷಯ. ದಾಳದ ಸರಾಸರಿ ಮೂರೂವರೆ. 45 ಹೆಜ್ಜೆ ನಡೆದ ಕಾಯಿ ಸತ್ತರೆ ಹೋಗುವುದು ಸುಮಾರು 13 ಏಟಿನ ದುಡಿಮೆ. ಈಗಷ್ಟೇ ಹೊರಬಂದು ಐದು ಹೆಜ್ಜೆ ಇಟ್ಟದ್ದು ಸತ್ತರೆ ಒಂದೂವರೆ ಏಟು. ಹಿಂದಿನ ಸುತ್ತಿನಲ್ಲಿ ನಮ್ಮ ಕಾಯಿ ಕಡಿದವರನ್ನೇ ಹುಡುಕಿಕೊಂಡು ಹೋಗುವ ಹಟ ಇದೆಯಲ್ಲ, ಅದು ಈ ಲೆಕ್ಕದ ಮುಂದೆ ನಿಲ್ಲದು. ಯಾರು ದೂರ ನಡೆದಿದ್ದಾರೋ ಅವರನ್ನು ಕಡಿಯಿರಿ.

ಒಂದು ಸನ್ನಿವೇಶ ನೋಡಿ. ನಿಮ್ಮ ಒಂದು ಕಾಯಿ 47 ಹೆಜ್ಜೆ ನಡೆದು ಕೊನೆಯ ನಕ್ಷತ್ರದ ಮೇಲಿದೆ. ಇನ್ನೊಂದು ನಿಮ್ಮ ಬಣ್ಣದ ಓಣಿಯೊಳಗೆ ಎರಡನೆಯ ಮನೆಯಲ್ಲಿದೆ. ನಕ್ಷತ್ರದ ಕಾಯಿಯ ಹಿಂದೆ ಮೂರು ಮತ್ತು ಐದು ಮನೆ ದೂರದಲ್ಲಿ ಎದುರಾಳಿಯ ಎರಡು ಕಾಯಿ, ಗೂಡು ಬಿಟ್ಟು ಹೆಚ್ಚು ಹೊತ್ತಾಗಿಲ್ಲ. ನಿಮಗೆ ಬಿದ್ದದ್ದು ಎರಡು. ಹತ್ತರಲ್ಲಿ ಎಂಟು ಮಂದಿ ನಕ್ಷತ್ರದ ಕಾಯಿಯನ್ನೇ ಎತ್ತಿ ಮುಂದಿಡುತ್ತಾರೆ, ‘ಇನ್ನೇನು ಮನೆ ಹತ್ತಿರ ಬಂತು’ ಎಂದು. ಬಯಲಲ್ಲಿ ಉಳಿದಿರುವುದು ಮೂರೇ ಮನೆ, ನಿಜ. ಆದರೆ ಎರಡು ಹೆಜ್ಜೆಯ ಆಸೆಗೆ 49 ಹೆಜ್ಜೆಯ ಗಳಿಕೆಯನ್ನು ಪಣಕ್ಕಿಟ್ಟಂತಾಯಿತು. ಆ ಎರಡನ್ನು ಓಣಿಯೊಳಗಿನ ಕಾಯಿಗೆ ಕೊಡಿ. ನಕ್ಷತ್ರದ ಕಾಯಿಗೆ ನಾಲ್ಕೋ ಐದೋ ಆರೋ ಬೀಳಲಿ, ನೇರ ಓಣಿಗೆ ಹೊಗುತ್ತದೆ. ಓಣಿಯೊಳಗಿನ ಕಾಯಿಯನ್ನು ಬೇಗ ಹಣ್ಣು ಮಾಡಿ ಮುಗಿಸುವ ಆತುರ ಬೇಡ ಎನ್ನುವುದೂ ಇದಕ್ಕೇ. ಕಷ್ಟಕಾಲದಲ್ಲಿ ಸಣ್ಣ ಅಂಕೆ ಖರ್ಚು ಮಾಡಲು ಸಾಸಿವೆ ಡಬ್ಬಿಯಲ್ಲಿಟ್ಟ ಚಿಲ್ಲರೆ ಕಾಸು ಅದು. ಹಣ್ಣಾದರೆ ಇನ್ನೊಂದು ಅವಕಾಶ ಸಿಗುತ್ತದೆ ಎಂಬ ಆಮಿಷವೂ ಇದೆ, ಒಪ್ಪುತ್ತೇನೆ. ಆ ಅವಕಾಶದಲ್ಲಿ ನಡೆಸಬೇಕಾಗಿರುವುದು ನಕ್ಷತ್ರದ ಕಾಯಿ ಒಂದನ್ನೇ ಆದರೆ ಆಮಿಷಕ್ಕೆ ಬೀಳಬೇಡಿ.

ಆಟದ ಮರ್ಯಾದೆಯ ಬಗ್ಗೆ ಈ ಅಂಕಣದಲ್ಲಿ ಬರೆದರೆ ‘ಲೂಡೊಗೂ ಮರ್ಯಾದೆಯೇ?’ ಎಂದು ಕೇಳುವವರಿದ್ದಾರೆ. ಜಗಲಿಯ ಮೇಲೆ ಚೌಕಾಬಾರ ಆಡುವಾಗ ಸೋಲುತ್ತಿರುವವನು ಎದ್ದು ಹೊರಟರೆ ಉಳಿದವರು ಪಂಚೆ ಹಿಡಿದು ಕೂರಿಸುತ್ತಿದ್ದರು. ಮೊಬೈಲಿನಲ್ಲಿ ಹಿಡಿದು ಕೂರಿಸುವವರಿಲ್ಲ. ಎರಡು ಕಾಯಿ ಸತ್ತ ಕೂಡಲೇ ‘ನೆಟ್ ಹೋಯ್ತು’. ಉಳಿದ ಮೂವರ ಆಟದ ರುಚಿ ಅಲ್ಲಿಗೆ ಕೆಟ್ಟಿತು. ನಿಜಕ್ಕೂ ನೆಟ್ ಹೋಗಿದ್ದರೆ ವಾಟ್ಸ್‌ಆಪ್‌ನಲ್ಲಿ ಒಂದು ಸಾಲು ಹಾಕಿ. ಇನ್ನು ಕೆಲವರು ಓಡಿಹೋಗುವುದಿಲ್ಲ, ಪ್ರತಿ ಸರದಿಯಲ್ಲೂ ಗಡಿಯಾರದ ಮುಳ್ಳು ಮುಗಿಯುವ ತನಕ ಬೇಕೆಂದೇ ಕಾಯಿಸುತ್ತಾರೆ. ಇವರಿಗಿಂತ ಓಡಿಹೋಗುವವರೇ ವಾಸಿ.

ಅಳುವ ಮುಖದ ಇಮೋಜಿಯನ್ನು ನಿಮ್ಮ ಕಾಯಿ ಸತ್ತಾಗ ಹಾಕಿ, ಬೇರೆಯವರದು ಸತ್ತಾಗ ಬೇಡ. ಗೆಳೆಯರಲ್ಲಾದರೆ ಇಂಥ ಅಣಕ ನಡೆಯುತ್ತದೆ, ಅಪರಿಚಿತರೊಡನೆ ಚುಚ್ಚುಮಾತಾಗುತ್ತದೆ. ಇಬ್ಬರು ಪಕ್ಕದಲ್ಲೇ ಫೋನ್ ಮಾಡಿಕೊಂಡು ಮೂರನೆಯವರನ್ನು ಅಟ್ಟುವುದು ಶುದ್ಧ ಮೋಸ, ತಮಾಷೆಗೂ ಬೇಡ. ಎರಡು ಕಾಯಿ ಒಂದೇ ಮನೆಯಲ್ಲಿದ್ದರೆ ಕಟ್ಟೆಯಾಗುತ್ತದೋ ಇಲ್ಲವೋ, ಮೂರು ಆರು ಬಿದ್ದರೆ ಏನು, ಇವನ್ನೆಲ್ಲ ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ಆಪ್‌ನಿಂದ ಆಪ್‌ಗೆ, ಮನೆಯಿಂದ ಮನೆಗೆ ನಿಯಮ ಬದಲಾಗುತ್ತದೆ.

ಮನೆಮಂದಿಯ ಆಟಕ್ಕೆ ಇನ್ನೊಂದು ಮಾತು ಸೇರಿಸಬೇಕು. ಮೈಸೂರಿನಲ್ಲಿ ಅಜ್ಜಿ, ಡಲ್ಲಾಸ್‌ನಲ್ಲಿ ಮೊಮ್ಮಗ, ನಡುವೆ ಬೆಂಗಳೂರಿನ ಚಿಕ್ಕಪ್ಪ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಊಟಕ್ಕೆ ಮುಂಚೆ ಆಟಕ್ಕೆ ಸೇರುವ ಕೋಡ್ ಕಳಿಸಿ ಕೂತಿರುತ್ತಾರೆ. ಅಜ್ಜಿಯ ಸರದಿ ಬಂದ ಕೂಡಲೇ ‘ಅಜ್ಜಿ, ಮುಂದಿರುವ ಕಾಯಿ ನಡೆಸಿ, ಅದಲ್ಲ ಅದಲ್ಲ’ ಎಂದು ಕೂಗುವುದನ್ನು ದಯವಿಟ್ಟು ನಿಲ್ಲಿಸಿ. ಕವಡೆ ಹಿಡಿದು ಊರನ್ನೇ ಸೋಲಿಸಿದವರಿರಬಹುದು ಅವರು. ಅವರಿಗೆ ಬೇಕಾದದ್ದು ತುಸು ದೊಡ್ಡ ಪರದೆ ಮತ್ತು ಇನ್ನೈದು ಸೆಕೆಂಡ್.

ಕೊನೆಗೆ ಹಣದ ಆಟ. ಪಣ ಕಟ್ಟಿ ಆಡುವ ಲೂಡೊ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಜಗಳ ಹೈಕೋರ್ಟಿನ ತನಕ ಹೋಗಿತ್ತು. ಕರ್ನಾಟಕ 2021ರಲ್ಲಿ ಆನ್‌ಲೈನ್ ಪಣದ ಆಟಗಳಿಗೆ ತಂದ ನಿಷೇಧವನ್ನು ಇಲ್ಲಿನ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಜಗಳಕ್ಕೇ ಹೋಗದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆದ್ದರಿಂದ ‘ಐವತ್ತು ರೂಪಾಯಿ ಹಾಕಿ, ಐನೂರು ಗೆಲ್ಲಿ’ ಎಂಬ ಲೂಡೊ ಲಿಂಕ್ ಯಾರೇ ಕಳಿಸಿರಲಿ, ಒತ್ತಬೇಡಿ, ಅಳಿಸಿಬಿಡಿ. ಕಳಿಸಿದವರು ನಿಮ್ಮ ಬಳಗದವರೇ ಆಗಿದ್ದರೆ ಅವರಿಗೂ ಅಳಿಸಲು ಹೇಳಿ.