ಕಡಲಿನ ಪ್ಲಾಸ್ಟಿಕ್ಕಿನ ಲೆಕ್ಕ: ವಾನ್ ಸೆಬಿಲೆ ಅವರ ಸಂಶೋಧನೆಯ ಒಂದು ಪರಾಮರ್ಶೆ

ಸಮುದ್ರಕ್ಕೆ ಬಿದ್ದ ಪ್ಲಾಸ್ಟಿಕ್ಕು ಎಲ್ಲಿಗೆ ಹೋಗುತ್ತದೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಇದಕ್ಕೆ ಉತ್ತರ ಹೇಳಹೊರಟವರು ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ ತಮ್ಮ ಉತ್ತರವನ್ನು ತಾವೇ ಒಂದಕ್ಕಿಂತ ಹೆಚ್ಚು ಸಲ ತಿದ್ದಿಕೊಳ್ಳಬೇಕಾಯಿತು. ಅಂಥವರಲ್ಲಿ ಪ್ರಮುಖರು ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಸಾಗರವಿಜ್ಞಾನಿ ಎರಿಕ್ ವಾನ್ ಸೆಬಿಲೆ. ಅವರೂ ಅವರ ಸಹೋದ್ಯೋಗಿಗಳೂ 2012ರಿಂದ 2023ರವರೆಗೆ ಪ್ರಕಟಿಸಿದ ಕೆಲವು ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿ, ಈ ಸಂಶೋಧನೆಯ ಹಿರಿಮೆ ಯಾವುದು, ಅದರ ದುರ್ಬಲ ಸ್ಥಾನ ಯಾವುದು ಎಂಬೆರಡನ್ನೂ ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿರಿಸಬೇಕು. 1997ರಲ್ಲಿ ಚಾರ್ಲ್ಸ್ ಮೂರ್ ಎಂಬ ನಾವಿಕರು ಉತ್ತರ ಪೆಸಿಫಿಕ್ ಸಾಗರದ ನಡುವೆ ತೇಲುವ ಕಸವನ್ನು ಕಂಡು ವರದಿ ಮಾಡಿದಂದಿನಿಂದ ‘ಪ್ಲಾಸ್ಟಿಕ್ಕಿನ ದ್ವೀಪ’ ಎಂಬ ಮಾತು ಜನರ ಬಾಯಲ್ಲಿ ನಿಂತುಬಿಟ್ಟಿದೆ. ಅಲ್ಲಿ ಕಾಲಿಟ್ಟು ನಡೆಯಬಹುದಾದ ದ್ವೀಪವೇನೂ ಇಲ್ಲ. ಗಾಳಿಯೂ ಭೂಮಿಯ ಭ್ರಮಣವೂ ಕೂಡಿ ಪ್ರತಿಯೊಂದು ಮಹಾಸಾಗರದ ಉಷ್ಣವಲಯದ ಅಂಚಿನಲ್ಲಿ ಸಾವಿರಾರು ಮೈಲಿ ಅಗಲದ ಮಹಾಸುಳಿಯೊಂದನ್ನು ಉಂಟುಮಾಡುತ್ತವೆ. ಮೇಲ್ಪದರದ ನೀರು ನಿಧಾನವಾಗಿ ಅದರ ನಡುವಿಗೆ ಸರಿದು ಕೆಳಗಿಳಿಯುತ್ತದೆ. ತೇಲುವ ವಸ್ತುವು ಕೆಳಗಿಳಿಯಲಾರದೆ ಅಲ್ಲಿಯೇ ಉಳಿಯುತ್ತದೆ. ಹೀಗೆ ಉಳಿದದ್ದರಲ್ಲಿ ಬಹುಪಾಲು ಚೂರುಗಳು ಅಕ್ಕಿಕಾಳಿಗಿಂತ ದೊಡ್ಡವಲ್ಲ. ಎಷ್ಟೋ ವೇಳೆ ಹಡಗಿನ ಮೇಲಿಂದ ಅವು ಕಣ್ಣಿಗೇ ಬೀಳುವುದಿಲ್ಲ.

2012ರಲ್ಲಿ ವಾನ್ ಸೆಬಿಲೆ, ಮ್ಯಾಥ್ಯೂ ಇಂಗ್ಲೆಂಡ್ ಮತ್ತು ಗ್ಯಾರಿ ಫ್ರಾಯ್ಲೆಂಡ್ ಪ್ರಕಟಿಸಿದ ಪ್ರಬಂಧವು ಈ ಚಲನೆಯನ್ನು ಅಂಕಗಳಲ್ಲಿ ಹಿಡಿಯಲು ಯತ್ನಿಸಿತು. ಉಪಗ್ರಹಗಳ ಮೂಲಕ ಜಾಡು ಹಿಡಿಯಬಹುದಾದ ಡ್ರಿಫ್ಟರ್ ಎಂಬ ತೇಲುಯಂತ್ರಗಳನ್ನು ಸಾಗರವಿಜ್ಞಾನಿಗಳು ದಶಕಗಳಿಂದ ಕಡಲಿಗೆ ಬಿಡುತ್ತ ಬಂದಿದ್ದಾರೆ. ಅವುಗಳ ದಾರಿಗಳನ್ನು ಆಧಾರವಾಗಿಟ್ಟುಕೊಂಡು, ಕಡಲನ್ನು ಒಂದೊಂದು ಡಿಗ್ರಿಯ ಮನೆಗಳಾಗಿ ವಿಂಗಡಿಸಿ, ಈ ಮನೆಯಲ್ಲಿರುವ ವಸ್ತುವು ಎರಡು ತಿಂಗಳ ಅನಂತರ ಯಾವ ಯಾವ ಮನೆಯಲ್ಲಿ ಇರುವ ಸಂಭವ ಎಷ್ಟೆಷ್ಟು ಎಂದು ಅವರು ಗಣಿಸಿದರು. ಐದು ಮಹಾಸುಳಿಗಳ ಐದು ಸಂಚಯಗಳಲ್ಲದೆ, ಉತ್ತರ ಧ್ರುವದ ಸಮೀಪದ ಬ್ಯಾರೆಂಟ್ಸ್ ಸಮುದ್ರದಲ್ಲಿ ಆರನೆಯದೊಂದು ಆಗಬಹುದೆಂದು ಈ ಗಣಿತವು ತಿಳಿಸಿತು. 2013ರಲ್ಲಿ ‘ತಾರಾ’ ನೌಕೆಯು ಧ್ರುವವನ್ನು ಸುತ್ತುತ್ತ ಸಂಗ್ರಹಿಸಿದ ಮಾದರಿಗಳು ಗ್ರೀನ್‌ಲೆಂಡ್ ಮತ್ತು ಬ್ಯಾರೆಂಟ್ಸ್ ಸಮುದ್ರಗಳಲ್ಲಿ ಪ್ಲಾಸ್ಟಿಕ್ಕು ಸೇರುತ್ತಿರುವುದನ್ನು ತೋರಿಸಿದುವು. ಅದರ ವರದಿ 2017ರಲ್ಲಿ ಹೊರಬಂದಿತು. ಮೊದಲು ಹೇಳಿ ಅನಂತರ ಕಾಣುವುದು ವಿಜ್ಞಾನದಲ್ಲಿ ಅಪರೂಪದ ಭಾಗ್ಯ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ತೇಲುಯಂತ್ರದ ಅಡಿಯಲ್ಲಿ ಬಟ್ಟೆಯ ಉದ್ದ ಚೀಲವೊಂದು ಸುಮಾರು 15 ಮೀಟರ್ ಆಳದ ನೀರನ್ನು ಹಿಡಿದುಕೊಂಡಿರುತ್ತದೆ. ಖಾಲಿ ಸೀಸೆಯಾದರೋ ಗಾಳಿಗೂ ಅಲೆಗೂ ಮೈಯೊಡ್ಡಿ ಮೇಲೆಯೇ ಓಡುತ್ತದೆ. ಎರಡರ ದಾರಿಯೂ ಒಂದೇ ಎನ್ನಲಾಗದು.

ಇದಕ್ಕಿಂತ ಗಂಭೀರವಾದ ತೊಡಕು ಕಾಣಿಸಿಕೊಂಡದ್ದು 2015ರಲ್ಲಿ. ಆ ವರ್ಷ ವಾನ್ ಸೆಬಿಲೆ ಮತ್ತು ಅವರ ಸಂಗಡಿಗರು, 11 ಸಾವಿರಕ್ಕೂ ಹೆಚ್ಚು ಸಲ ಬಲೆಯೆಳೆದು ಪಡೆದ ಮಾದರಿಗಳನ್ನು ಮೂರು ಗಣಿತಮಾದರಿಗಳೊಡನೆ ಹೊಂದಿಸಿ, ಕಡಲಿನ ಮೇಲೆ ತೇಲುವ ಸಣ್ಣ ಚೂರುಗಳು 15ರಿಂದ 51 ಲಕ್ಷ ಕೋಟಿ ಇರಬೇಕೆಂದೂ, ಅವುಗಳ ತೂಕ 93 ಸಾವಿರದಿಂದ 2 ಲಕ್ಷ 36 ಸಾವಿರ ಟನ್ನುಗಳಷ್ಟೆಂದೂ ಅಂದಾಜು ಮಾಡಿದರು. ಅದೇ ವರ್ಷ ಜೆನ್ನಾ ಜ್ಯಾಂಬೆಕ್ ಮೊದಲಾದವರು ಪ್ರಕಟಿಸಿದ ಲೆಕ್ಕದ ಪ್ರಕಾರ 2010ರ ಒಂದೇ ವರ್ಷದಲ್ಲಿ ನೆಲದಿಂದ ಕಡಲಿಗೆ ಹೋದ ಪ್ಲಾಸ್ಟಿಕ್ಕು 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ನು. ಅಂದರೆ ತೇಲುತ್ತಿರುವುದು ಒಂದು ವರ್ಷದ ಆಯದ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಎಲ್ಲಿ? ‘ಕಾಣೆಯಾದ ಪ್ಲಾಸ್ಟಿಕ್ಕು’ ಎಂಬ ಮಾತು ಈ ಅಂತರದಿಂದ ಬಲಗೊಂಡಿತು.

ಈ ಮಾತನ್ನು ಎಚ್ಚರದಿಂದ ಒರೆಹಚ್ಚಬೇಕೆಂಬುದು ನಮ್ಮ ಅಭಿಪ್ರಾಯ. ಹೋಲಿಕೆಯ ಎರಡು ಪಕ್ಕಗಳೂ ಒಂದೇ ಜಾತಿಯವಲ್ಲ. ಒಂದು ಪಕ್ಕದಲ್ಲಿರುವುದು ನೀರಿನ ಮೇಲ್ಮೈಯಲ್ಲಿ ಸಣ್ಣ ಕಣ್ಣಿನ ಬಲೆಗೆ ಸಿಕ್ಕ ಚೂರು. ಇನ್ನೊಂದು ಪಕ್ಕದಲ್ಲಿರುವುದು ತೇಲುವುದು, ಮುಳುಗುವುದು, ದೊಡ್ಡದು, ಚಿಕ್ಕದು ಎಂಬ ಭೇದವಿಲ್ಲದೆ ಕೂಡಿಸಿದ ಮೊತ್ತ. ಕಿರುಬಲೆಯೆಳೆದವನ ಲೆಕ್ಕಕ್ಕೆ ಹರಿದ ಮೀನುಬಲೆಯಾಗಲಿ ಒಡೆದ ಪೆಟ್ಟಿಗೆಯಾಗಲಿ ಸೇರುವುದಿಲ್ಲ. ಆದುದರಿಂದ ಕಾಣೆಯಾದದ್ದರಲ್ಲಿ ಒಂದು ಅಂಶ ಕಡಲಿನಲ್ಲಿ ಕಾಣೆಯಾಗಿರಲಿಲ್ಲ, ಅಳತೆಯಲ್ಲಿ ಕಾಣೆಯಾಗಿತ್ತು. ಇದು ಬರಿಯ ಅಂಕಗಣಿತದ ಚರ್ಚೆಯಲ್ಲ. ಕಸವನ್ನು ಕಡಲು ಹೇಗೋ ನುಂಗಿ ಜೀರ್ಣಿಸಿಕೊಂಡಿದೆ ಎಂಬ ಸಮಾಧಾನಕ್ಕೆ ಈ ಮಾತು ಎಡೆಕೊಡುತ್ತದೆ. ಆ ಸಮಾಧಾನದ ಬೆಲೆಯನ್ನು ತೆರುವವರು ಮುಂದಿನ ಪೀಳಿಗೆಯವರು.

ಈ ಸಂಶೋಧನೆಯ ಹಿರಿಮೆ ಇರುವುದು, ಆ ತಿದ್ದುಪಡಿಯನ್ನು ಇದೇ ಬಳಗ ಮುಂದೆ ನಿಂತು ಮಾಡಿತೆಂಬುದರಲ್ಲಿ. 2023ರಲ್ಲಿ ಮಿಕಾಯೆಲ್ ಕಾಂಡಾರ್ಪ್, ವಾನ್ ಸೆಬಿಲೆ ಮೊದಲಾದವರು ಮೇಲ್ಮೈ, ಆಳ, ದಂಡೆ ಮೂರರ ಮಾದರಿಗಳನ್ನೂ ಒಂದೇ ಗಣಿತಕ್ಕೆ ತಂದರು. 2020ರಲ್ಲಿ ಕಡಲಿನಲ್ಲಿದ್ದ ತೇಲುವ ಜಾತಿಯ ಪ್ಲಾಸ್ಟಿಕ್ಕು ಸುಮಾರು 32 ಲಕ್ಷ ಟನ್ನು. ಅದರಲ್ಲಿ 31 ಲಕ್ಷ ಟನ್ನು 25 ಮಿಲಿಮೀಟರಿಗಿಂತ ದೊಡ್ಡ ವಸ್ತುಗಳು. ವರ್ಷಕ್ಕೆ ಹೊಸದಾಗಿ ಸೇರುವುದು ಸುಮಾರು 5 ಲಕ್ಷ ಟನ್ನು. ಆಯ ಮೊದಲೆಣಿಸಿದ್ದಕ್ಕಿಂತ ಕಡಿಮೆ, ಇರುವುದು ಮೊದಲೆಣಿಸಿದ್ದಕ್ಕಿಂತ ಹೆಚ್ಚು. ಹೀಗಾಗಿ ಕಾಣೆಯಾದ ಪಾಲನ್ನು ಹುಡುಕುವ ಅಗತ್ಯವೇ ಇಲ್ಲವೆಂದು ಅವರು ತೀರ್ಮಾನಿಸಿದರು. ಆಯ ಕಡಿಮೆಯೆಂಬುದು ಸಂತೋಷದ ಸುದ್ದಿಯೆಂದು ಯಾರೂ ತಿಳಿಯಬಾರದು. ಬರುವುದು ಕಡಿಮೆ, ಇರುವುದು ಹೆಚ್ಚು ಎಂದರೆ ಬಿದ್ದದ್ದು ಬಹುಕಾಲ ಹೋಗುವುದಿಲ್ಲವೆಂದೇ ಅರ್ಥ.

ಹಾಗಾದರೆ ದುರ್ಬಲ ಸ್ಥಾನ ಯಾವುದು? ಅದು ದಂಡೆ. 2021ರಲ್ಲಿ ವಿಕ್ಟರ್ ಓನಿಂಕ್, ವಾನ್ ಸೆಬಿಲೆ ಮೊದಲಾದವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ತೇಲುವ ಕಸದಲ್ಲಿ ನೂರಕ್ಕೆ 77ಕ್ಕೆ ಕಡಿಮೆಯಿಲ್ಲದಷ್ಟು ಐದು ವರ್ಷಗಳ ಅನಂತರವೂ ದಂಡೆಯ ಮೇಲೋ ದಂಡೆಯ ಸಮೀಪದ ನೀರಿನಲ್ಲೋ ಇರುತ್ತದೆ. 2023ರ ಲೆಕ್ಕದಲ್ಲಿಯಾದರೋ ದಂಡೆಯ ಮೇಲಿನ ಪಾಲು ಅತ್ಯಲ್ಪ. ಹೆಚ್ಚಿನದು ಮೇಲ್ಮೈಯಲ್ಲಿಯೂ ಆಳದಲ್ಲಿಯೂ ಇದೆ. ಮೊದಲನೆಯದು ದಂಡೆಯನ್ನೂ ಅದರ ನೀರನ್ನೂ ಕೂಡಿಸಿ ಹೇಳಿದ್ದರಿಂದ ಇವೆರಡನ್ನೂ ನೇರವಾಗಿ ತೂಗಲಾಗದು, ನಿಜ. ಆದರೂ ಒಂದು ಅಲೆಗೆ ಮರಳಿನ ಮೇಲೆ ಬಿದ್ದ ಚೂರು ಎಷ್ಟು ದಿನ ಅಲ್ಲಿದ್ದು ಮತ್ತೆ ನೀರಿಗಿಳಿಯುತ್ತದೆ ಎಂಬುದನ್ನು ಈ ಗಣಿತಗಳು ಬಹುಮಟ್ಟಿಗೆ ಊಹೆಯಿಂದ ತುಂಬಿಕೊಳ್ಳುತ್ತವೆ. ಆ ಊಹೆ ಬದಲಾದರೆ ಫಲವೂ ಬದಲಾಗುತ್ತದೆ. ನಡುಗಡಲಿನ ಸುಳಿಯನ್ನು ಬಲ್ಲಷ್ಟು ನಮ್ಮ ಕಾಲಡಿಯ ಮರಳನ್ನು ವಿಜ್ಞಾನ ಬಲ್ಲುದಲ್ಲ.

ಹಿಂದೂ ಮಹಾಸಾಗರದ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಈ ಸಾಗರದ ಉತ್ತರಭಾಗವನ್ನು ಭೂಖಂಡ ಮುಚ್ಚಿರುವುದರಿಂದ ಅಲ್ಲಿ ಕಸವನ್ನು ನಡುವಿಗೆಳೆಯುವ ಮಹಾಸುಳಿಯಿಲ್ಲ. ಮಾನ್ಸೂನಿನೊಡನೆ ಪ್ರವಾಹಗಳು ದಿಕ್ಕನ್ನೇ ತಿರುಗಿಸುತ್ತವೆ. ಮಿರ್ಯಾಮ್ ವಾನ್ ಡೆರ್ ಮೇನ್, ವಾನ್ ಸೆಬಿಲೆ, ಚರಿತ ಪಟ್ಟಿಯಾರಚ್ಚಿ ಇವರ 2020ರ ಪ್ರಬಂಧ ಈ ಸಾಗರದಲ್ಲಿ ಕಸವು ದಂಡೆಗೆ ಬರುವ ಕ್ರಮವನ್ನೇ ವಿಷಯವಾಗಿ ಆರಿಸಿಕೊಂಡದ್ದು ಉಚಿತವಾಗಿದೆ. ನಮ್ಮ ಪಶ್ಚಿಮ ತೀರದ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುತ್ತದೆ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೇರಳದ ಹೊರಗಡಲಿನಲ್ಲಿ ಮುಳುಗಿದಾಗ, ಅದರಲ್ಲಿದ್ದ ಪ್ಲಾಸ್ಟಿಕ್ಕಿನ ಕಾಳುಗಳು ಕೆಲವೇ ದಿನಗಳಲ್ಲಿ ದಕ್ಷಿಣದ ತಿರುವನಂತಪುರದ ದಂಡೆಗೆ ಬಂದು ಬಿದ್ದುದು ಆ ಋತುವಿನ ಪ್ರವಾಹಕ್ಕೆ ಹೊಂದುವಂತೆಯೇ ಇದೆ. ಇಂಥ ಕಾಳು ಮರಳಿನಲ್ಲಿ ಎಷ್ಟು ಕಾಲ ನಿಲ್ಲುತ್ತದೆಂಬುದು ಮೀನುಗಾರರ ಕೇರಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ. 2015ರ ಲೆಕ್ಕಕ್ಕೆ ಆಧಾರವಾದ ಮಾದರಿಗಳಲ್ಲಿ ಹೆಚ್ಚಿನವು ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರಗಳವೆಂಬುದನ್ನೂ ಇಲ್ಲಿ ನೆನೆಯಬೇಕು.

ಸಾರಾಂಶವಾಗಿ ಹೇಳುವುದಾದರೆ, ವಾನ್ ಸೆಬಿಲೆ ಅವರ ಬಳಗ ಕಡಲಿನ ದಾರಿಗಳನ್ನು ನಮಗೆ ತಿಳಿಸಿಕೊಟ್ಟಿದೆ. ತನ್ನ ಅಂಕಗಳನ್ನು ತಾನೇ ತಿದ್ದುವ ಪ್ರಾಮಾಣಿಕತೆಯನ್ನೂ ತೋರಿದೆ. ದಂಡೆಯ ಲೆಕ್ಕವನ್ನು ಉಟ್ರೆಕ್ಟಿನಲ್ಲಿ ಕುಳಿತು ಮುಗಿಸಲಾಗದು. ಅದಕ್ಕೆ ಬೇಕಾದದ್ದು ಒಂದು ಗೊತ್ತಾದ ದಂಡೆ, ಅಳತೆಯ ಒಂದು ಚೌಕ, ಜರಡಿ, ತಕ್ಕಡಿ, ಮತ್ತು ವರ್ಷದುದ್ದಕ್ಕೂ ತಪ್ಪದೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು. ಕರಾವಳಿಯ ಕಾಲೇಜುಗಳಿಗೆ ಇವು ದುರ್ಲಭವಲ್ಲ. ಇಂಥ ಅಳತೆ ಹಲವು ಋತುಗಳಲ್ಲಿ ನಡೆದು ಕೈಗೆ ಬರುವವರೆಗೆ ಮೇಲೆ ಕಂಡ ಅಂಕಗಳನ್ನು ಅಂದಾಜುಗಳೆಂದೇ ಪಾಠ ಹೇಳುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.