ಗುಂಡಿ ಒತ್ತಿದರೆ ಹಲಗಿ ನುಡಿದೀತೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಜಾತ್ರೆಗಳಲ್ಲಿ ನಾಟಕ ನೋಡಿ ಬರುವ ಹಳೆಯ ರಸಿಕರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಕಾಲ್ಪೇಟಿ ಹೋಯಿತು, ಕೀಬೋರ್ಡ್ ಬಂತು, ರಂಗಗೀತೆ ಕೆಟ್ಟಿತು. ಈ ಮಾತಿನ ಹಿಂದಿನ ನೋವು ನಿಜವಾದದ್ದು. ಆದರೆ ವಿಮರ್ಶೆಯಾಗಿ ಇದು ನಿಲ್ಲುವುದಿಲ್ಲ. ಏಕೆಂದರೆ ಆ ಪೇಟಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದ ಪೆಟ್ಟಿಗೆಯೇ. ಅದರ ಗಟ್ಟಿ ಸ್ವರಗಳಲ್ಲಿ ಮೀಂಡ್ ಇಲ್ಲ, ಶ್ರುತಿಯ ಸೂಕ್ಷ್ಮವಿಲ್ಲ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಅದೇ ಕಾಲದಲ್ಲಿ ಉತ್ತರ ಕರ್ನಾಟಕದ ಕಂಪನಿ ನಾಟಕಗಳು ಪೇಟಿ ಮಾಸ್ತರನಿಲ್ಲದೆ ಪರದೆ ಎತ್ತುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಕಲಾವಿದರು ಅದೇ ಪೇಟಿಯಿಂದ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಅಂದರೆ ಒಂದು ವಾದ್ಯ ನಮ್ಮದಾಗುವುದು ಅದು ಹುಟ್ಟಿದ ಊರಿನಿಂದ ಅಲ್ಲ, ಅದನ್ನು ನುಡಿಸುವ ಕೈಯಿಂದ. ಹಾಗಾದರೆ ಕೀಬೋರ್ಡಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದರ ನಾದವನ್ನು ಯಾರು ತೀರ್ಮಾನಿಸುತ್ತಾರೆ, ನುಡಿಸುವವನೋ, ಕಾರ್ಖಾನೆಯೋ?

ಈ ಪ್ರಶ್ನೆ ಅರ್ಥವಾಗಬೇಕಾದರೆ ಕೀಬೋರ್ಡಿನ ಹಿರಿಯಜ್ಜನನ್ನು ನೋಡಬೇಕು. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬವರು ರೂಪಿಸಿದ ಮಾಡ್ಯುಲರ್ ಸಿಂಥಸೈಜರಿನಲ್ಲಿ ಕೊಳಲು, ಪಿಟೀಲು ಎಂದು ಹೆಸರು ಬರೆದ ಗುಂಡಿಗಳೇ ಇರಲಿಲ್ಲ. ಕಪಾಟಿನಂಥ ಪೆಟ್ಟಿಗೆ. ಒಂದು ಭಾಗ ನಾದ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಯಾವ ಭಾಗವನ್ನು ಯಾವುದಕ್ಕೆ ಜೋಡಿಸಬೇಕೆಂಬುದನ್ನು ವಾದಕನೇ ವೈರು ಸಿಕ್ಕಿಸಿ ನಿರ್ಧರಿಸಬೇಕು. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಆ ಒಂದು ವೋಲ್ಟಿನ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಹನ್ನೆರಡು ಮನೆಗಳ ಕಟ್ಟುಪಾಡು ಆ ಯಂತ್ರಕ್ಕೆ ಇಲ್ಲ. ಪೇಟಿಗೆ ಇಲ್ಲವೆಂದು ಹೇಳಿದ ಶ್ರುತಿ, ಮೀಂಡ್ ಎರಡಕ್ಕೂ ಇದರಲ್ಲಿ ಜಾಗವಿತ್ತು.

ಇಂಥ ಒಂದು ಮೂಗ್ ಯಂತ್ರ 1969ರಲ್ಲೇ ಭಾರತಕ್ಕೆ ಬಂದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ನಾದಪ್ರಯೋಗ ನಡೆಸಿದರು. ಅವರ ಟೇಪುಗಳು ಸಂಸ್ಥೆಯ ಕಪಾಟಿನಲ್ಲೇ ಉಳಿದು, ಧ್ವನಿಮುದ್ರಿಕೆಯಾಗಿ ಜನರ ಕೈಗೆ ಬಂದದ್ದು 2023ರಲ್ಲಿ. ಅವುಗಳಲ್ಲಿ ಬೆರಗಿದೆ, ಧೈರ್ಯವೂ ಇದೆ. ಆದರೆ ಹೊಲದ ಬದುವಿನಿಂದ, ಬೀದಿಯಿಂದ ಒಬ್ಬ ಹಾಡುಗಾರನೂ ಆ ಕೋಣೆಯೊಳಗೆ ಬಂದಂತೆ ಕೇಳುವುದಿಲ್ಲ. ಪ್ರಯೋಗ ಸಂಸ್ಥೆಯ ಗೋಡೆಯೊಳಗೇ ಉಳಿಯಿತು.

ಚರಣ್‌ಜಿತ್ ಸಿಂಗ್ ಅವರ ಕಥೆ ಬೇರೆ. ಅವರು ಮುಂಬೈ ಸಿನಿಮಾ ವಾದ್ಯವೃಂದದಲ್ಲಿ ದುಡಿದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಯಂತ್ರಗಳನ್ನು ಇಟ್ಟುಕೊಂಡು ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದರು. ಅದು ಮಾರಾಟವಾಗಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಪಾಶ್ಚಾತ್ಯ ಜಗತ್ತು ಬೆಚ್ಚಿತು. 1987ರಲ್ಲಿ ಶಿಕಾಗೊ ನಗರದಲ್ಲಿ ಶುರುವಾದ ಆ್ಯಸಿಡ್ ಹೌಸ್ ಸಂಗೀತವನ್ನು ಈ ಮನುಷ್ಯ ಐದು ವರ್ಷ ಮೊದಲೇ ಮಾಡಿಬಿಟ್ಟಿದ್ದಾನೆ ಎಂದು ಹೊಗಳಿತು. ಈ ಹೊಗಳಿಕೆ ನಮಗೆ ಒಗ್ಗುವುದಿಲ್ಲ. ಶಿಕಾಗೊ ಅಳತೆಗೋಲಾಗಿ, ಭೈರವಿ-ಲಲಿತ್‌ಗಳು ಅದರ ಮುನ್ಸೂಚನೆ ಮಾತ್ರ ಆಗಿಬಿಡುತ್ತವೆ. ಸಿಂಗ್ ಅವರ ನಿಜವಾದ ಸಾಧನೆ ಇನ್ನೊಂದು. ಗಿಟಾರ್ ವಾದಕರಿಗೆ ಸಾಥಿಯಾಗಲೆಂದು ಮಾಡಿ, ಸೋತು, 1984ರಲ್ಲಿ ತಯಾರಿಕೆಯೇ ನಿಂತುಹೋದ ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು. ಅದರಲ್ಲಿ ಅವರಿಗೆ ಮೀಂಡ್ ಕೇಳಿಸಿತು. ಕೊರತೆಯನ್ನೂ ಹೇಳಬೇಕು. ಹತ್ತೂ ರಾಗಗಳಿಗೆ ಒಂದೇ ನಡೆ. ಆಲಾಪದ ಬಿಡುವಿಲ್ಲದೆ ಐದನೆಯ ರಾಗದ ಹೊತ್ತಿಗೆ ಕಿವಿ ದಣಿಯುತ್ತದೆ.

ನಮ್ಮ ಭಾಗಕ್ಕೆ ಬಂದದ್ದು ಈ ಯಾವುದೂ ಅಲ್ಲ. ಹಂಸಲೇಖ ಅವರ 'ಪ್ರೇಮಲೋಕ' (1987) ಎಲೆಕ್ಟ್ರಾನಿಕ್ ನಾದವನ್ನು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ತಂದಿತು. ಅದನ್ನು ವೇದಿಕೆಯ ಮೇಲೆ ನುಡಿಸಿ ತೋರಿಸಲು ರಸಮಂಜರಿ ತಂಡಗಳಿಗೆ ಕ್ಯಾಸಿಯೋ ಬೇಕಾಯಿತು, ಆಮೇಲೆ ಯಮಾಹಾ, ರೋಲ್ಯಾಂಡ್ ಬಂದವು. ಜೊತೆಗೆ ಕೋಲಿನಿಂದ ಬಡಿಯುವ ಆಕ್ಟೋಪ್ಯಾಡ್. ಇವು ನಾದವನ್ನು ಕಟ್ಟುವ ಯಂತ್ರಗಳಲ್ಲ, ಕಟ್ಟಿಟ್ಟ ನಾದವನ್ನು ಬಡಿಸುವ ಯಂತ್ರಗಳು. ಭಾರತಕ್ಕಾಗಿಯೇ ಮಾಡಿದ ಮಾದರಿಗಳ ಪಟ್ಟಿಯಲ್ಲಿ ಸಿತಾರ್, ಶಹನಾಯಿ, ತಬಲಾ, ಢೋಲಕ್ ಸಿಗುತ್ತವೆ. ಕರಡಿ ಮಜಲಿನ ಕರಡಿ, ಚೌಡಿಕೆ, ದಿಮ್ಮು ಹುಡುಕಿದರೆ ಸಿಗವು. ಕವಿರಾಜಮಾರ್ಗಕಾರ ಕೊಪಣ ನಗರವನ್ನು ಕನ್ನಡದ ತಿರುಳಿನ ಸೀಮೆಯೆಂದು ಹೆಸರಿಸಿದ್ದ. ಜಪಾನಿನ ಪಟ್ಟಿಗೆ ಆ ಸೀಮೆ ಇನ್ನೂ ತಲುಪಿಲ್ಲ.

ಹಾಗೆಂದು ಇಲ್ಲಿನ ವಾದಕರನ್ನು ಹಳಿಯುವುದು ಅನ್ಯಾಯ. ಎಡಗೈಯಲ್ಲಿ ಬೆಂಡ್ ಲಿವರನ್ನು ಹಿಡಿದು, ಬಲಗೈಯ ಒಂದೇ ಬೆರಳಿನಿಂದ ಶಹನಾಯಿಯ ಎಳೆತವನ್ನು ತರುವ ಕೀಬೋರ್ಡ್ ಮಾಸ್ತರರನ್ನು ನಾವು ಜಾತ್ರೆಗಳಲ್ಲಿ ಕೇಳಿದ್ದೇವೆ. ಪೇಟಿ ಕೊಡಲಾರದ್ದನ್ನು ಅವರು ಕೊಡುತ್ತಾರೆ. ಕೆಡುವುದು ಎಲ್ಲಿ ಎಂದರೆ ಯಂತ್ರದೊಳಗಿನ ತಯಾರಿ ತಾಳವನ್ನು ಹಚ್ಚಿ ಕೈಕಟ್ಟಿ ಕುಳಿತಾಗ. ನಟಿ ಒಂದು ಮಾತನ್ನು ತುಸು ಎಳೆದು ಹೇಳಿದರೆ ಪೇಟಿ ಮಾಸ್ತರ ಕಾಯುತ್ತಿದ್ದ. ತಯಾರಿ ತಾಳ ಕಾಯುವುದಿಲ್ಲ, ನಟಿಯೇ ಓಡಿಬಂದು ಅದನ್ನು ಸೇರಿಕೊಳ್ಳಬೇಕು.

ನಮ್ಮ ನಡುವೆ ವಾದ್ಯದ ಮಾತು ಬಂದೊಡನೆ ಹರಾಮೋ ಹಲಾಲೋ ಎಂಬ ಚರ್ಚೆ ಏಳುತ್ತದೆ. ಇಮಾಮ್ ಗಝಾಲಿ 'ಇಹ್ಯಾ'ದಲ್ಲಿ ಸಮಾ ಕುರಿತು ಒಂದು ಅಧ್ಯಾಯವನ್ನೇ ಬರೆದು, ಶರತ್ತುಗಳ ಸಮೇತ ಒಪ್ಪಿದ್ದನ್ನು ನೆನೆದು ಮುಂದೆ ಹೋಗೋಣ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ನೀರಿನ ಬಲದಿಂದ ತಾನೇ ನುಡಿಯುವ ಕೊಳಲಿನ ಯಂತ್ರವನ್ನು ವಿವರಿಸಿದ್ದಾರೆ. ತಿರುಗುವ ಉರುಳೆಯ ಮೇಲಿನ ಮೊಳೆಗಳು ಸ್ವರಗಳನ್ನು ತೆರೆಯುತ್ತಿದ್ದವು. ಇದನ್ನು ಓದಿ 'ಎಲ್ಲ ನಮ್ಮವರೇ ಕಂಡುಹಿಡಿದದ್ದು' ಎಂದು ಎದೆಯುಬ್ಬಿಸಿದರೆ ಚರಣ್‌ಜಿತ್ ಸಿಂಗರಿಗೆ ಶಿಕಾಗೊದ ಪದಕ ತೊಡಿಸಿದವರ ಸಾಲಿಗೆ ನಾವೂ ಸೇರುತ್ತೇವೆ. ಗಮನಿಸಬೇಕಾದದ್ದು, ಯಾವ ಮೊಳೆ ಎಲ್ಲಿರಬೇಕೆಂದು ಅಲ್ಲಿ ಒಬ್ಬ ಮನುಷ್ಯ ಕೂತು ಯೋಚಿಸಿದ್ದ ಎಂಬುದು.

ನಮ್ಮ ಸೀಮೆಯಲ್ಲಿ ಈ ಯೋಚನೆಗೆ ತಕ್ಕ ಜಾಗ ಅಲಾಯಿ ಹಬ್ಬ. ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ಓದಿದವರಿಗೆ ಅದರ ವಿಸ್ತಾರ ಗೊತ್ತು. ಕುಷ್ಟಗಿಯ ಆಚೆಗಿನ ಮುದಗಲ್ಲಿಗೆ ಸಾವಿರಾರು ಜನ ಹೋಗುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡುತ್ತವೆ. ಹಸನ್-ಹುಸೇನರ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ, ಹಲಗಿಗೆ ಹೆಜ್ಜೆ ಹಾಕುತ್ತಾರೆ. ಹಲಗಿಯವರು ಆಗಾಗ ಬೆಂಕಿಯ ಬಳಿ ಹೋಗಿ ಚರ್ಮ ಕಾಸುತ್ತಾರೆ. ಚರ್ಮ ಬಿಗಿದಂತೆ ನಾದ ಏರುತ್ತದೆ, ಇಬ್ಬನಿಗೆ ಇಳಿಯುತ್ತದೆ, ಮತ್ತೆ ಕಾಸಬೇಕು. ವಿಚಿತ್ರವೆಂದರೆ ಹಳೆಯ ಮೂಗ್ ಯಂತ್ರಗಳಿಗೂ ಇದೇ ಸ್ವಭಾವ. ಕೋಣೆಯ ಶಾಖ ಬದಲಾದರೆ ಶ್ರುತಿ ಕದಲುತ್ತದೆ, ನುಡಿಸುವವನು ಮತ್ತೆ ಮತ್ತೆ ಕಿವಿಗೊಟ್ಟು ಸರಿಪಡಿಸಿಕೊಳ್ಳಬೇಕು. ಇದೇ ದೋಷಕ್ಕಾಗಿ ಆ ಯಂತ್ರಗಳನ್ನು ಇಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ. ಹಲಗಿಗೆ ಮಾತ್ರ ಡಿಜೆ ಬಂದ ಮೇಲೆ ಕರೆ ಕಡಿಮೆಯಾಗಿದೆ.

ಇಲ್ಲಿ ನಾವು ಕಣ್ಣೀರು ಸುರಿಸಿ ಸುಮ್ಮನಾಗುವಂತಿಲ್ಲ. ಹಲಗಿ ಬರಿ ಕಲೆಯಾಗಿರಲಿಲ್ಲ, ಮಾದಿಗರ ಮೇಲೆ ಊರು ಹೇರಿದ ಬಿಟ್ಟಿ ಚಾಕರಿಯೂ ಆಗಿತ್ತು. ಅದನ್ನು ಬಾರಿಸುವುದಿಲ್ಲ ಎಂದು ದಲಿತ ಚಳವಳಿಯ ಹುಡುಗರು ಎಸೆದದ್ದರಲ್ಲಿ ಘನತೆಯಿತ್ತು. ಆದ್ದರಿಂದ 'ಹಲಗಿ ಉಳಿಸಿ' ಎಂದು ಊರಿನವರು ಕೂಗುವುದಕ್ಕೆ ಮೊದಲು ಅದಕ್ಕೆ ಕೊಡುವ ಕೂಲಿ ಎಷ್ಟು ಎಂದು ಹೇಳಬೇಕು. ಆದರೆ ಆಕ್ಟೋಪ್ಯಾಡಿನೊಳಗೆ ಸೇರಿದ ಹಲಗಿಯ ಸ್ಥಿತಿಯೂ ಯೋಚಿಸುವಂಥದ್ದು. 'ಹಲಗಿ ಟೋನ್' ಎಂದು ಪೆನ್‌ಡ್ರೈವಿನಲ್ಲಿ ಸಿಗುವ ನಾದಕ್ಕೆ ಮೈಲಿಗೆ ಇಲ್ಲ, ಅದು ಮದುವೆಯ ಮಂಟಪಕ್ಕೂ ದೇವಸ್ಥಾನದ ಅಂಗಳಕ್ಕೂ ಹೋಗುತ್ತದೆ. ಅದನ್ನು ಬಾರಿಸಿದ ಕೈಗೆ ಮಾತ್ರ ಹೆಸರಿಲ್ಲ, ಒಂದು ಸಲದ ಕೂಲಿಯ ಆಚೆಗೆ ಹಣವಿಲ್ಲ. ಜಾತಿ ತೊಳೆದುಹೋಯಿತು ಎಂದು ಹಿಗ್ಗುವ ಹೊತ್ತಿಗೆ ಮನುಷ್ಯನೂ ತೊಳೆದುಹೋಗಿದ್ದ.

ತಂತ್ರಜ್ಞಾನ ಇದಕ್ಕೆ ಅಡ್ಡಿಯಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ರಾಡೆಲ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದಾಗ ಅವರು ಸ್ವತಃ ಕೊಳಲು ವಾದಕರೂ ಎಂಜಿನಿಯರರೂ ಆಗಿದ್ದರು. ಬೇಕಾದದ್ದನ್ನು ಬೇಕಾದವರೇ ಕಟ್ಟಿಕೊಂಡರು. 2013ರಲ್ಲಿ ಬಂದ ರೋಲ್ಯಾಂಡ್ ಎಕ್ಸ್‌ಪಿಎಸ್-10ನಂಥ, ರಸಮಂಜರಿಯವರ ಕೈಗೆಟಕುವ ಕೀಬೋರ್ಡಿಗೂ ಹೊರಗಿನ ನಾದವನ್ನು ತುಂಬಬಹುದು. ಯಲಬುರ್ಗಾದ ಹಲಗಿಯನ್ನೋ ಕುಷ್ಟಗಿಯ ಕರಡಿಯನ್ನೋ ಅದರೊಳಗೆ ಕೂಡಿಸಲು ಜಪಾನಿನ ಅಪ್ಪಣೆ ಬೇಕಿಲ್ಲ. ಆದರೆ ಯಾವ ಹಲಗಿ? ಕಾಸುವ ಮೊದಲಿನದೋ, ಕಾಸಿದ ಕೂಡಲೇ ಸಿಡಿಯುವುದೋ, ಕತ್ತಲ ರಾತ್ರಿಯ ಮೂರನೇ ಜಾವದಲ್ಲಿ ಇಬ್ಬನಿ ಕುಡಿದು ಮಂದವಾದದ್ದೋ? ದಪ್ಪ ಕೋಲಿನ ಪೆಟ್ಟಿನ ಬೆನ್ನಿಗೆ ಸಣ್ಣ ಕಡ್ಡಿ ಎಷ್ಟು ತಡವಾಗಿ ಬೀಳಬೇಕು? ಇದನ್ನು ಹೇಳಬಲ್ಲವರು ಅಲಾಯಿ ಕುಣಿಯ ಸುತ್ತ ನಿಂತ ಆ ನಾಲ್ಕೈದು ಜನ. ಧ್ವನಿಮುದ್ರಣ ಮಾಡುವ ಹುಡುಗರು ಮೈಕು ಹಿಡಿಯುವ ಮುಂಚೆ ಅವರೊಡನೆ ಕೂತು, ಹೆಸರು ಹಾಕುವ ಮತ್ತು ಹಣ ಹಂಚುವ ಮಾತನ್ನು ಮುಗಿಸಿಕೊಳ್ಳಲಿ.