ಮಕ್ಕಳ ಕಥೆಯ ಕಸುಬು: ರಸಿಕರಿಗೊಂದು ಕೈಪಿಡಿ

ಮಕ್ಕಳಿಗಾಗಿ ಬರೆದ ಕಥೆಯನ್ನು ದೊಡ್ಡವರು ಸಾಮಾನ್ಯವಾಗಿ ಕೊನೆಯಿಂದ ತೂಗುತ್ತಾರೆ: ನೀತಿ ಏನು, ಓದಿದ ಮಗುವಿಗೆ ಏನು ಉಪಯೋಗ ಎಂದು. ಈ ತಕ್ಕಡಿಯಲ್ಲಿ ಒಳ್ಳೆಯ ಕಥೆಯೂ ಸಪ್ಪೆ ಕಥೆಯೂ ಒಂದೇ ತೂಗುತ್ತವೆ. ಕಸುಬು ಕಾಣುವುದು ಕಥೆಯ ಗಂಟನ್ನು ಬಿಚ್ಚುವವರು ಯಾರು ಎಂಬಲ್ಲಿ. ಹುಡುಗಿಯೊಬ್ಬಳು ಕಷ್ಟಕ್ಕೆ ಸಿಕ್ಕಿಕೊಂಡು, ಮೇಷ್ಟ್ರೋ ಅಜ್ಜನೋ ಬಂದು ಬಗೆಹರಿಸಿದರೆ ಅದು ದೊಡ್ಡವರ ಕಥೆ, ಹುಡುಗಿ ನೆಪಮಾತ್ರ. ತಪ್ಪೋ ಸರಿಯೋ, ಅವಳೇ ಏನಾದರೂ ಮಾಡಿ ಅದರ ಫಲ ಉಂಡರೆ ಮಕ್ಕಳ ಕಥೆ ಶುರುವಾಗುತ್ತದೆ.

ಕನ್ನಡದಲ್ಲಿ ಈ ಕಸುಬಿನ ಮೊದಲ ಪಾಠ ಕಿವಿಗೆ ಸೇರಿದ್ದು. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರು ಶಾಲೆಯಲ್ಲಿ ಪಾಠ ಹೇಳಿದವರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’, ‘ಹೇನು ಸತ್ತು ಕಾಗೆ ಬಡವಾಯಿತು’ ಸರಪಳಿ ಕಥೆಗಳು: ಒಂದು ಸಂಗತಿ ಇನ್ನೊಂದನ್ನು ಎಳೆದು ತರುತ್ತದೆ, ಹಳೆಯ ಮಾತು ಮರಳಿ ಬರುವಾಗ ಹೊಸದೊಂದು ಜೊತೆಗೂಡುತ್ತದೆ. ಕಾವ್ಯಮೀಮಾಂಸೆ ಓದಿದವರು ಇದನ್ನು ಪುನರುಕ್ತಿ ಎನ್ನಬಹುದು. ಆದರೆ ಕೇಳುತ್ತ ಕೂತ ಮಗು ಮುಂದಿನ ಮಾತನ್ನು ತಾನೇ ಹೇಳಲು ಬಾಯಿ ತೆರೆಯುವುದು ಅದರಿಂದಲೇ. ಹಾಗಾಗಿ ಮಕ್ಕಳ ಕಥೆಯನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದದೆ ತೀರ್ಪು ಕೊಡುವುದು ಅನ್ಯಾಯ.

ನಿರೂಪಕ ಎಲ್ಲಿ ನಿಂತಿದ್ದಾನೆ ಎಂಬುದನ್ನು ಸಣ್ಣ ಸಣ್ಣ ವಾಕ್ಯಗಳಲ್ಲೇ ಹಿಡಿಯಬಹುದು. ‘ಹೊಸ ಕೊಡೆ ಕಳೆದುಕೊಂಡ ಪುಟ್ಟ ಸೀನನಿಗೆ ತುಂಬಾ ದುಃಖವಾಯಿತು’ ಎನ್ನುವಾಗ ಮಾತಾಡುತ್ತಿರುವುದು ಮೇಲಿನಿಂದ ಬಗ್ಗಿ ನೋಡುವ ದೊಡ್ಡವರು. ‘ಮನೆಯ ತಿರುವು ಬಂದರೂ ಸೀನ ಒಳಗೆ ಹೋಗಲಿಲ್ಲ. ಕೊಡೆ ಶಾಲೆಯಲ್ಲೇ ಮರೆತೆ ಅಂದರಾಯಿತು. ನಾಳೆ ಸಂಜೆಯವರೆಗೆ ಅಮ್ಮ ಕೇಳುವುದಿಲ್ಲ’ ಎಂದರೆ ದುಃಖದ ಹೆಸರೇ ಎತ್ತಿಲ್ಲ. ಸುಳ್ಳಿನ ಲೆಕ್ಕಾಚಾರವಿದೆ, ಅದಕ್ಕೊಂದು ಗಡುವೂ ಇದೆ. ಓದುವ ಮಗು ನಾಳೆ ಸಂಜೆಗಾಗಿ ಪುಟ ತಿರುಗಿಸುತ್ತದೆ. ಪುಟ್ಟ, ಮುದ್ದಾದ ಎಂಬ ವಿಶೇಷಣಗಳು ಹೆಚ್ಚಾದ ಕಡೆ ರಸಿಕರು ಅನುಮಾನಪಡುವುದು ಒಳ್ಳೆಯದು.

ಕಹಿಯನ್ನು ಎಷ್ಟು ಉಳಿಸಿದ್ದಾರೆ ಎಂಬುದೂ ಪರೀಕ್ಷೆಯೇ. ಬ್ರೌನಿಂಗನ ಪದ್ಯದ ಜರ್ಮನ್ ಪಟ್ಟಣವನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಬೊಮ್ಮನಹಳ್ಳಿ ಮಾಡಿದರು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಪದ್ಯವಾದರೂ ಕಥೆಗಾರರಿಗೆ ಪಾಠ: ಊರು, ಹೆಸರು, ನುಡಿಯ ಲಯ ಎಲ್ಲ ಬದಲಾಯಿತು, ಹಿರಿಯರು ಕೊಟ್ಟ ಮಾತಿಗೆ ತಪ್ಪಿದ್ದು, ಅದಕ್ಕಾಗಿ ಮಕ್ಕಳನ್ನು ಕಳೆದುಕೊಂಡದ್ದು ಬದಲಾಗಲಿಲ್ಲ. ಶರಾವತಿ ಕಣಿವೆಯ ಮುಳುಗಡೆಯನ್ನು ದೊಡ್ಡವರಿಗಾಗಿ ಬರೆದ ನಾ. ಡಿಸೋಜ ಮಕ್ಕಳಿಗೂ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ವಸ್ತು ಭಾರವಾಯಿತೆಂದು ಮಕ್ಕಳಿಂದ ಬಚ್ಚಿಡುವ ಲೇಖಕರಿಗೆ ಇದು ಉತ್ತರ.

ಹದಿಹರೆಯದವರ ಕಾದಂಬರಿ ಕನ್ನಡದಲ್ಲಿ ಇನ್ನೂ ಬಡವೇ. ಬಾಲಪತ್ರಿಕೆ ಬಿಟ್ಟ ಹುಡುಗರು ನೇರ ತೇಜಸ್ವಿಯವರ ‘ಕರ್ವಾಲೊ’ಗೆ ಜಿಗಿಯುತ್ತಾರೆ, ಹಾರುವ ಓತಿಯ ಬೆನ್ನು ಹತ್ತಿದವರ ಆ ಕಾದಂಬರಿ ಅವರಿಗಾಗಿಯೇ ಬರೆದದ್ದೇನಲ್ಲ. ಈ ವಯಸ್ಸಿನ ಕಥೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಮುಕ್ತಾಯ. ಕೊನೆಯ ಪುಟದಲ್ಲಿ ಎಲ್ಲರೂ ಕ್ಷಮೆ ಕೇಳಿ ಅಪ್ಪಿಕೊಂಡರೆ ಹದಿನಾಲ್ಕರ ಓದುಗ ನಂಬುವುದಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕೊನೆಯಲ್ಲಿ ಸ್ವಾಮಿಯ ಮೇಲೆ ಮುನಿದ ಗೆಳೆಯ ರಾಜಮ್ ರೈಲು ಹತ್ತಿ ಊರು ಬಿಡುತ್ತಾನೆ. ಸ್ವಾಮಿ ತಂದ ಆಂಡರ್ಸನ್ ಕಥೆಗಳ ಪುಸ್ತಕವನ್ನು ಮಣಿ ರೈಲಿನ ಜೊತೆ ಓಡಿ ಅವನ ಕೈಗಿಡುತ್ತಾನೆ. ರಾಜಮ್‌ನ ಮುನಿಸು ತೀರಿತೇ? ಸ್ವಾಮಿಗೆ ಗೊತ್ತಾಗುವುದಿಲ್ಲ, ಲೇಖಕರೂ ಹೇಳುವುದಿಲ್ಲ. ಸ್ನೇಹ ಕೆಟ್ಟು ನೋಡಿದ ವಯಸ್ಸಿಗೆ ಇದು ಅರ್ಥವಾಗುತ್ತದೆ.

ಚಿತ್ರಗಳ ಬಗ್ಗೆ ಎರಡು ಮಾತು ಸಾಕು. ಚಂದಮಾಮದ ಬೇತಾಳ ಕಥೆಗಳಿಗೆ ಶಂಕರ್ ಬರೆದ ರಾಜ, ಹೆಗಲ ಮೇಲಿನ ಶವ, ಕೈಯಲ್ಲಿನ ಕತ್ತಿ ಕಥೆ ಮರೆತವರಿಗೂ ನೆನಪಿವೆ. ಅಂಥ ಚಿತ್ರವಿರುವಲ್ಲಿ ವರ್ಣನೆಗೆ ಕೆಲಸವಿಲ್ಲ. ಎರಡೂ ಒಂದನ್ನೇ ಹೇಳುತ್ತಿದ್ದರೆ ಸಂಪಾದಕರು ಕತ್ತರಿ ಹಾಕಬೇಕಿತ್ತು ಎಂದರ್ಥ. ಚಿತ್ರವನ್ನು ಕೈಯಿಂದ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಓದಿದರೆ ಯಾರ ಕೆಲಸವನ್ನು ಯಾರು ಮಾಡಿದ್ದಾರೆಂದು ತಿಳಿಯುತ್ತದೆ.